ಗಂಧದ ಮರಕ್ಕೆ ಬಿದ್ದ ತೂತು

ಆ ಗಂಧದ ಮರವನ್ನು ನಾವು ನೆಟ್ಟಿದ್ದಲ್ಲ. ಯಾವುದೋ ದರಿದ್ರ ಹಕ್ಕಿ ಹಣ್ಣು ತಿಂದು ನಮ್ಮ ಎಲೆತೋಟದಲ್ಲಿ ಬೀಜ ಉದುರಿಸಿ ಹಾರಿಹೋಯಿತು. ನುಗ್ಗೆ, ಹಾಲವಾಣಗಳ ಸಾಲಿನಲ್ಲಿ ಅದೂ ಒಂದು ಗಿಡವೆಂದು ನನ್ನ ಮಾವ ಅದಕ್ಕೂ ವೀಳ್ಯದೆಲೆ ಬಳ್ಳಿ ಹಬ್ಬಿಸಿದ್ದರು. ಗಂಧವೆಂದು ಗೊತ್ತಾಗುವ ಹೊತ್ತಿಗೆ ಎರಡೂ ಕೈಯಿಂದ ಹಿಡಿದರೂ ಬೆರಳು ಕೂಡದಷ್ಟು ದಪ್ಪವಾಗಿತ್ತು. ಬಳ್ಳಿಯ ಮರೆಯಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಬೆಳೆಯಿತು, ನಾವೂ ಬಾಯಿ ಬಿಡಲಿಲ್ಲ.

ಈ ವರ್ಷ ಬಳ್ಳಿಗೆ ಸೊರಗು ರೋಗ ಬಡಿಯಿತು. ಹಳೆಯ ತೋಟವನ್ನೆಲ್ಲ ಕಡಿದು ಹೊಸದಾಗಿ ಹಚ್ಚದೆ ಬೇರೆ ದಾರಿ ಇರಲಿಲ್ಲ. ನುಗ್ಗೆ, ಹಾಲವಾಣ ಕಡಿಯಲು ಯಾರನ್ನೂ ಕೇಳಬೇಕಿಲ್ಲ, ಗಂಧ ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ನನ್ನ ಗಂಡ ಕರೀಮಸಾಬರು ಕಾನೂನಿಗೆ ಹೆದರುವ ಮನುಷ್ಯ. ತಾವಾಗಿಯೇ ಹೋಗಿ ಅರ್ಜಿ ಕೊಟ್ಟು ಬಂದರು. ಮರ ನೋಡಲು ಗಾರ್ಡ್ ಹುಲಗೇಶ ಬಂದ. ಟೇಪು ಹಿಡಿದು ಮರವನ್ನು ಅಳೆದ, ಚಹಾ ಕುಡಿದ, ಬಹಳ ಮರ್ಯಾದೆಯಿಂದಲೇ ಮಾತಾಡಿದ.

“ಆರ್ಡರ್ ಬರೂತನಕಾ ಮರಕ್ಕ ಕೈ ಹಚ್ಚಬ್ಯಾಡ್ರಿ ಸಾಬ್ರ. ಮಗ್ಗಲಿನ ಗಿಡಾನೂ ಕಡೀಬ್ಯಾಡ್ರಿ, ಗಂಧ ಅವುಗಳ ಬೇರು ಹೀರಿ ಬದುಕತೈತಿ. ಇನ್ನ ಕಳುವಾತು ಅಂದ್ರ ಮೊದಲ ನಿಮ್ಮನ್ನ ಕೇಳಬೇಕಾಗತೈತಿ ನೋಡ್ರಿ.”

ಅಂದಿನಿಂದ ನಮ್ಮ ನಿದ್ದೆ ಹಾರಿತು. ಟೇಪು ಹಿಡಿದದ್ದನ್ನು ಅಕ್ಕಪಕ್ಕದ ತೋಟದವರೆಲ್ಲ ನೋಡಿದ್ದರು. ಹಿರೇಕೆರೂರ ಕಡೆಯ ಒಂದು ಹೊಲದಲ್ಲಿ ಗಂಧ ಕಾಯುತ್ತಿದ್ದವನ ಕೈಗೆ ಕಳ್ಳರು ಮಚ್ಚು ಹಾಕಿದರಂತೆ ಎಂಬ ಸುದ್ದಿ ಸವಣೂರಿನ ಸಂತೆಗೂ ಬಂದಿತ್ತು. ಮಗ ಅಕೀಬ ಮರದ ಬುಡದಲ್ಲೇ ಹೊರಸು ಹಾಕಿಕೊಂಡು ರಾತ್ರಿ ಮಲಗತೊಡಗಿದ. ಅವನ ಹೆಂಡತಿ ತಹಮೀನಾಗೆ ಆಗ ಐದು ತಿಂಗಳು. ಗಂಡ ಬೆಳಿಗ್ಗೆ ತಿರುಗಿ ಬರುವತನಕ ಆ ಹುಡುಗಿ ಬಾಗಿಲ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಬೈದರೂ ಏಳುತ್ತಿರಲಿಲ್ಲ. ನಾನಾದರೂ ಯಾವ ಬಾಯಿಂದ ಬೈಯಲಿ? ನಾನೂ ರಾತ್ರಿ ಎದ್ದೆದ್ದು ಬಾಗಿಲು ತೆರೆದು ನೋಡುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಎಲೆ ಕೊಯ್ಯಲು ಹೋದಾಗ ಗಂಧದ ಮರದ ಬಳ್ಳಿಯನ್ನು ಸ್ವಲ್ಪ ಸರಿಸಿದೆ. ನನ್ನ ಎದೆಮಟ್ಟಕ್ಕೆ ಕಾಂಡದಲ್ಲೊಂದು ತೂತು. ಬೈರಿಗೆಯಿಂದ ಕೊರೆದ ದುಂಡನೆಯ ತೂತು, ಅದಕ್ಕೆ ಮೆತ್ತಿದ ಹಸಿ ಮಣ್ಣು. ಗಂಧ ಕದಿಯುವವರು ಮೊದಲು ಹೀಗೆಯೇ ತೂತು ಹಾಕಿ, ಒಳಗೆ ಕೆಚ್ಚು ಬಲಿತಿದೆಯೋ ಇಲ್ಲವೋ ಎಂದು ನೋಡಿ ಹೋಗುತ್ತಾರೆ. ಆಮೇಲೆ ಗರಗಸ ತರುತ್ತಾರೆ. ಎಲೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿ ಬಂದೆ.

ಕರೀಮಸಾಬರು ಹೋಗಿ ಮರವನ್ನು ಒಂದು ಸುತ್ತು ಹಾಕಿ ನೋಡಿ ಬಂದರು. ಮುಖ ಬಿಳುಚಿಕೊಂಡಿತ್ತು.

“ಬಂದು ನೋಡಿ ಹೋಗ್ಯಾರ. ಗಾರ್ಡಗ ಫೋನ್ ಮಾಡೇನಿ, ನಾಳೆ ಬರ್ತೇನಿ ಅಂದಾನ. ಇವತ್ತ ಅಕೀಬ ಒಬ್ಬಾಂವ ಸಾಲೂದಿಲ್ಲ, ನಾನೂ ಹೋಗ್ತೇನಿ. ಸಂಜೀ ಮಗ್ರಿಬ್ ನಮಾಜ್ ಮುಗಿಸಿ ಇಬ್ಬರೂ ಕೂಡೇ ಹೋಗೂಣು.”

ಅಡುಗೆಮನೆಯಲ್ಲಿ ತಹಮೀನಾಳ ಕೈಯಿಂದ ತಟ್ಟೆ ಜಾರಿತು.

ಬಿಟ್ಟು ಬಂದ ಬುಟ್ಟಿ ತರಲು ಮಧ್ಯಾಹ್ನ ನಾನು ಮತ್ತೆ ತೋಟಕ್ಕೆ ಹೋದೆ. ಹೆದರಿಕೆ ಸ್ವಲ್ಪ ಇಳಿದಿದ್ದರಿಂದಲೋ ಏನೋ, ಬೆಳಿಗ್ಗೆ ಕಾಣದ್ದು ಈಗ ಕಂಡಿತು. ತೂತು ಹಾಕಲೆಂದು ಬಳ್ಳಿಯನ್ನು ಬಿಚ್ಚಿದವರು ಅದನ್ನು ಜೋತಾಡಲು ಬಿಟ್ಟಿರಲಿಲ್ಲ. ತಿರುಗಿ ಮರಕ್ಕೆ ಹಚ್ಚಿ ಬಾಳೆನಾರಿನಿಂದ ಕಟ್ಟಿದ್ದರು. ಯಾವ ಕಳ್ಳ ಬಳ್ಳಿಯ ಮೇಲೆ ಇಷ್ಟು ಕಕ್ಕುಲಾತಿ ತೋರಿಸುತ್ತಾನೆ? ಗಂಟು ನೋಡಿದೆ. ಜಡೆಗೆ ರಿಬ್ಬನ್ನು ಕಟ್ಟಿದ ಹಾಗೆ ಎರಡು ಕಿವಿ ಬಿಟ್ಟ ಗಂಟು. ನಮ್ಮ ತೋಟದಲ್ಲಿ ಹಾಗೆ ಕಟ್ಟುವವಳು ಒಬ್ಬಳೇ. ಆ ಗಂಟಿಗಾಗಿ ನಾವೆಲ್ಲ ಅವಳನ್ನು ಎಷ್ಟು ಕಾಡಿಸಿಲ್ಲ! ಮೂಗು ಹತ್ತಿರ ಒಯ್ದೆ. ತೂತಿನ ಮಣ್ಣು ತೋಟದ ಕಸ ಸಾಯಲೆಂದು ಸಿಂಪಡಿಸುವ ವಿಷದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು.

ಮನೆಗೆ ಬಂದು ತಹಮೀನಾಳನ್ನು ಹಿತ್ತಲಿಗೆ ಕರೆದೆ. ಕೇಳುವ ಮೊದಲೇ ಅವಳು ಅಳತೊಡಗಿದಳು. ಅವಳಪ್ಪ ಬಂಕಾಪುರದಲ್ಲಿ ಬಡಿಗ. ತವರಿಗೆ ಹೋದಾಗ ಬೈರಿಗೆ ತಂದಿದ್ದಳು. ನಿನ್ನೆ ಮಧ್ಯಾಹ್ನ ತೋಟದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕೊರೆದು, ಕಸದ ಎಣ್ಣೆ ಸುರಿದಿದ್ದಳು.

“ಮರ ಸತ್ತರ ಕಾಯೂದು ತಪ್ಪತೈತಿ, ಅವರು ಮನಿಗೆ ಬಂದು ಮಲಗ್ತಾರ ಅಂತ ಮಾಡಿದೆ, ಅಮ್ಮಾ. ಈಗ ನೋಡಿದ್ರ ಮಾವಾರೂ ಹೊಂಟು ನಿಂತಾರ.”

“ಹುಚ್ಚಿ! ಸತ್ತ ಗಂಧಾನೂ ಗಂಧಾನ. ಕಳ್ಳರಿಗೆ ಅದರ ಎಲಿ ಬೇಕೇನು?”

ಬೈದೆ ನಿಜ. ಆದರೆ ಒಳಗೊಳಗೆ ನನಗೆ ಎಷ್ಟು ಹಗುರವಾಯಿತೆಂದರೆ, ಅವಳನ್ನು ತಬ್ಬಿಕೊಂಡು ನಾನೂ ಅತ್ತುಬಿಟ್ಟೆ. ಕಳ್ಳರು ಬಂದಿರಲಿಲ್ಲ. ನಮ್ಮ ಮನೆಯ ಹುಡುಗಿಯೇ ತೂತು ಹಾಕಿದ್ದಳು. ಗಾರ್ಡನ ಕಾಲು ಹಿಡಿದಾದರೂ ಆ ತಪ್ಪನ್ನು ತೊಳೆದುಕೊಳ್ಳಬಹುದು, ಜೀವಕ್ಕಂತೂ ಅಪಾಯವಿಲ್ಲ. ಗಂಡನಿಗೆ ನೀನೇ ಹೇಳು, ಮಾವನಿಗೆ ನಾನು ಹೇಳುತ್ತೇನೆ ಎಂದೆ.

ಅಕೀಬ ಸಿಟ್ಟಾಗಲಿಲ್ಲ. ತಲೆ ಚಚ್ಚಿಕೊಂಡು ನಕ್ಕ. ಎಷ್ಟೋ ದಿನದ ಮೇಲೆ ಅವನು ನಗುವುದನ್ನು ಕಂಡೆ. ಬೆಳಿಗ್ಗೆಯಿಂದ ಮಸೆದಿಟ್ಟಿದ್ದ ಕುಡುಗೋಲನ್ನು ತಿರುಗಿ ಗೂಟಕ್ಕೆ ತೂಗುಹಾಕಿದ.

“ಅಪ್ಪಗ ಆರಾಮ ಮನ್ಯಾಗ ಮಲಗಾಕ ಹೇಳವ್ವ. ಕಳ್ಳರ ಇಲ್ಲಂದಮ್ಯಾಲ ಮುಪ್ಪಿನ ಕಾಲಕ್ಕ ಅವರು ಯಾಕ ಥಂಡ್ಯಾಗ ಬರಬೇಕು?”

ಹೊತ್ತು ಮುಳುಗುವ ಮೊದಲೇ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬೈಕು ಹತ್ತಿ ಎಂದಿನಂತೆ ತೋಟಕ್ಕೆ ಹೋದ. ತಹಮೀನಾ ಬಾಗಿಲಲ್ಲಿ ನಿಂತು ಕಳಿಸಿ ಬಂದು, ಗಾರ್ಡ್ ಬಂದು ಹೋದಮೇಲೆ ಮೊದಲ ಸಲ ಹೊಟ್ಟೆ ತುಂಬ ರೊಟ್ಟಿ ತಿಂದಳು.

ಕರೀಮಸಾಬರು ಮಸೀದಿಯಿಂದ ಬಂದವರೇ “ಅಕೀಬ ಎಲ್ಲೆ?” ಎಂದರು. ನಾನು ನಗುತ್ತಲೇ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಬೈಯಲೂ ಇಲ್ಲ.

“ಎರಡೂ ಆಕೀನ ಹಾಕ್ಯಾಳೇನು?”

“ಎರಡು ಎಲ್ಲಿವ್ರೀ? ಒಂದ ಐತಲ್ಲ, ಎದಿಮಟ್ಟಕ್ಕ.”

“ಆ ಕಡೀದು? ಅಕೀಬನ ಹೊರಸಿನ ಮಗ್ಗಲಿಗೆ, ಅಂವ ತಲಿ ಇಡೂ ಜಾಗಾದಾಗ, ನೆಲದ ಹಂತ್ಯಾಕ ಇನ್ನೊಂದ ಐತಿ. ನೀವು ಹೆಂಗಸರು ಅಂಜತೀರಿ ಅಂತ ಹೇಳಲಿಲ್ಲ. ಅಕೀಬಗ ಅಲ್ಲೇ ಹೋದಮ್ಯಾಲ ತೋರಸೂಣು ಅಂತ ಸುಮ್ಮನಿದ್ದೆ.”

ನಾನು ತಹಮೀನಾಳ ಕಡೆಗೆ ತಿರುಗಿದೆ. ಅವಳು ಒಂದೇ ಬೆರಳು ಎತ್ತಿ ತೋರಿಸಿದಳು.

ಗೂಟದಲ್ಲಿದ್ದ ಕುಡುಗೋಲನ್ನು ಎಳೆದುಕೊಂಡು ಕರೀಮಸಾಬರು ಓಡಿದರು. ಓಣಿಯಲ್ಲಿ ಯಾರನ್ನೋ ಬೈಕು ಕೇಳಿ ಕೂಗುತ್ತಿದ್ದದ್ದು ಕೇಳಿಸಿತು. ನಾನು ಅಕೀಬನಿಗೆ ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ.