ಇದ್ದಲು ಹಾಕಿದ ಮಡಿ

ಎರಡು ಸಾವಿರದ ಒಂಬತ್ತನೇ ಇಸವಿ. ಜುಂಜಮ್ಮ ತವರಿಂದ ಯಲ್ಲದಕೆರೆಗೆ ವಾಪಸ್ ಬರುವಷ್ಟರಲ್ಲಿ ಗಂಡ ಕಾಟಲಿಂಗಪ್ಪ ಯಾವುದೋ ಕಂಪನಿಯ ಕಾಗದಕ್ಕೆ ಸಹಿ ಹಾಕಿಬಿಟ್ಟಿದ್ದ. ಹಿತ್ತಲಲ್ಲಿ, ತಳಕ್ಕೆ ತೂತು ಕೊರೆದು ಮೇಲೆ ಮುಚ್ಚಳ ಇಟ್ಟ ಕಬ್ಬಿಣದ ಡ್ರಮ್ಮೊಂದು ನಿಂತಿತ್ತು.

"ಏನಂತ ಬರ್ದೈತೆ ಅದ್ರಾಗೆ?"

"ಇಂಗ್ಲಿಷಲ್ಲೈತೆ. ಕಂಪನಿಯೋನು ಹಿರಿಯೂರ ಕಡೆಯೋನೇ, ಕಿರಣ್‌ಕುಮಾರ ಅಂತ. ಭಾಳ ಒಳ್ಳೆ ಮಾತಾಡ್ತಾನೆ."

"ಡೀಸೆಲ್ ಗಿಡದೋನೂ ಒಳ್ಳೆ ಮಾತೇ ಆಡಿದ್ದ" ಎಂದಳು ಜುಂಜಮ್ಮ. ಮೂರು ವರ್ಷದ ಹಿಂದೆ ಒಬ್ಬ ಬಂದು, ಬೀಜದಿಂದ ಡೀಸೆಲ್ ತೆಗೀತಾರೆ ಅಂತ ಊರಿನ ಬದುಗಳ ತುಂಬಾ ಆ ಗಿಡ ನೆಡಿಸಿ ಹೋಗಿದ್ದ. ಬೀಜ ಕೊಳ್ಳುತ್ತೇನೆ ಅಂದವನು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ.

ಮಾರನೇ ದಿನ ಕಿರಣ್‌ಕುಮಾರ ಬೈಕಿನಲ್ಲಿ ಬಂದ. ಮೂವತ್ತರ ಆಸುಪಾಸಿನ, ಇಸ್ತ್ರಿ ಅಂಗಿಯ ಮನುಷ್ಯ. ಮೆಕ್ಕೆಜೋಳದ ಬೆಂಡು, ಶೇಂಗಾ ಹೊಟ್ಟನ್ನು ಡ್ರಮ್ಮಿಗೆ ತುಂಬಿ, ಹೆಚ್ಚು ಗಾಳಿ ಆಡದ ಹಾಗೆ ಸುಟ್ಟು ತೋರಿಸಿದ. ಬೂದಿಯಾಗಲಿಲ್ಲ. ಕೈಯಲ್ಲಿ ಹಿಡಿದರೆ ಗರಗರ ಅನ್ನುವ ಇದ್ದಲಾಯಿತು.

"ಬಯಲಲ್ಲಿ ಸುಟ್ರೆ ಎಲ್ಲಾ ಹೊಗೆಯಾಗಿ ಆಕಾಶಕ್ಕೆ ಹೋಗುತ್ತಕ್ಕ. ಹಿಂಗೆ ಇದ್ದಲು ಮಾಡಿ ಮಣ್ಣಿಗೆ ಸೇರಿಸಿದ್ರೆ ನೂರಾರು ವರ್ಷ ಅಲ್ಲೇ ಇರುತ್ತೆ. ಅಷ್ಟು ಹೊಗೆ ಕಮ್ಮಿ ಆಯ್ತಲ್ಲ, ಅದಕ್ಕೆ ಹೊರದೇಶದ ಕಂಪನಿಗಳು ದುಡ್ಡು ಕೊಡ್ತಾವೆ. ನಿಮಗೂ ಪಾಲು ಬರುತ್ತೆ."

"ಮೇಲಕ್ಕೆ ಹೋಗದೇ ಇರೋ ಹೊಗೇನ ಯಾರಪ್ಪ ಕೊಂಡ್ಕಂತಾರೆ?"

ಕಿರಣ್‌ಕುಮಾರ ನಕ್ಕ. ಜುಂಜಮ್ಮನಿಗೆ ಆ ನಗು ಹಿಡಿಸಲಿಲ್ಲ. ಹೊಲಕ್ಕೆಲ್ಲ ಹಾಕೋಣ ಎಂದು ಅವನು ಎಷ್ಟು ಹೇಳಿದರೂ ಅವಳು ಬಿಡಲಿಲ್ಲ. ಒಂದೇ ಒಂದು ಈರುಳ್ಳಿ ಮಡಿಗೆ ಇದ್ದಲು ಹಾಕಿಸಿ, ಪಕ್ಕದ ಮಡಿಯನ್ನು ಹಾಗೇ ಉಳಿಸಿಕೊಂಡಳು.

ಸೋಮವಾರ ಬಸ್ಸು ಹತ್ತಿ ಹಿರಿಯೂರಿಗೆ ಹೋದಳು. ತಾಲ್ಲೂಕು ಕಚೇರಿ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟಿದ್ದ ಶಬನಾ ಕಾಗದವನ್ನು ಎರಡು ಸಲ ಓದಿದಳು.

"ಜಮೀನು ಅಡ ಇಟ್ಟಂಗೆ ಏನಿಲ್ಲಮ್ಮ. ಆದ್ರೆ ಇದ್ದಲಿನ ಲೆಕ್ಕ ಪೂರ್ತಿ ಕಂಪನಿಗೆ ಸೇರಿದ್ದು. ಅದನ್ನ ನೀವು ಸುಡಂಗಿಲ್ಲ, ಮಾರಂಗಿಲ್ಲ. ನೂರು ವರ್ಷದ ತನಕ ಅವ್ರು ಯಾವಾಗ ಬೇಕಾದ್ರೂ ಹೊಲದಾಗೆ ಬಂದು ನೋಡಬಹುದು."

"ಕೇಳದಲೇನಾ?"

"ಕೇಳಬೇಕು ಅಂತ ಎಲ್ಲೂ ಬರ್ದಿಲ್ಲ."

ದಾರಿಯುದ್ದಕ್ಕೂ ಜುಂಜಮ್ಮನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಮೊಮ್ಮಕ್ಕಳ ಕಾಲಕ್ಕೆ ಯಾರೋ ಬಂದು ಹೊಲ ಅಗೆದರೆ ಏನು ಅಂತ ಹೇಳುವುದು?

ಮೂರು ವಾರ ಕಳೆಯಿತು. ಇದ್ದಲು ಹಾಕಿದ ಮಡಿಯಲ್ಲಿ ಈರುಳ್ಳಿ ಪೈರು ಹಳದಿಗೆ ತಿರುಗಿತು. ಪಕ್ಕದ ಮಡಿ ಹಸಿರಾಗಿ ನೆಟ್ಟಗೆ ನಿಂತಿತ್ತು. "ನೀರು ಜಾಸ್ತಿ ಆಗಿರಬೇಕು" ಅಂದ ಕಾಟಲಿಂಗಪ್ಪ. ಎರಡಕ್ಕೂ ಒಂದೇ ಕಾಲುವೆಯ ನೀರು ಎಂದು ಅವನಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಜುಂಜಮ್ಮ ಮೇವು ಹೊತ್ತು ಬರುತ್ತಿದ್ದಾಗ ಕಿರಣ್‌ಕುಮಾರ ಹೊಲದಲ್ಲಿ ಕ್ಯಾಮೆರಾ ಹಿಡಿದು ಬಗ್ಗಿದ್ದ. ಕಂಪನಿಯ ಹೆಸರಿದ್ದ ಹಲಗೆಯನ್ನು ನೆಟ್ಟು ಫೋಟೋ ತೆಗೆಯುತ್ತಿದ್ದ. ಹಲಗೆ ನಿಂತಿದ್ದು ಹಸಿರು ಮಡಿಯಲ್ಲಿ. ಅದಕ್ಕೆ ಒಂದು ಹಿಡಿ ಇದ್ದಲೂ ಬಿದ್ದಿರಲಿಲ್ಲ.

ಅವಳು ಹೊರೆ ಕೆಳಗೆ ಹಾಕಿ, ಹಲಗೆ ಕಿತ್ತು, ಹಳದಿ ಮಡಿಯ ನಡುವೆ ಹೋಗಿ ನಿಂತಳು.

"ಇಲ್ಲಿ ತೆಗಿಯಪ್ಪ. ನಾನೂ ಬರ್ತೀನಿ ಫೋಟೋದಾಗೆ."

"ಅಕ್ಕ, ಅದು... ತಿಂಗಳ ಕೊನೆಗೆ ರಿಪೋರ್ಟ್ ಕೊಡಬೇಕು."

"ನನ್ನ ಪೈರು ಯಾಕೆ ಹಿಂಗಾಯ್ತು? ಅದನ್ನ ಹೇಳು."

ಕಿರಣ್‌ಕುಮಾರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಂತ. ಒಣ ಇದ್ದಲು ಮಣ್ಣಿನಲ್ಲಿರುವ ಸಾರವನ್ನೇ ಮೊದಲು ಹೀರಿಕೊಳ್ಳುತ್ತದೆ, ಎರಡು ವಾರ ಸಗಣಿ ಗಂಜಲದಲ್ಲಿ ನೆನೆಸಿಯೇ ಹಾಕಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ನೆನೆಸುತ್ತಾ ಕೂತರೆ ಫೋಟೋ ತಡವಾಗುತ್ತದೆ ಅಂತ ಮೇಲಿನವರು ಅವಸರ ಮಾಡಿದ್ದರಂತೆ.

"ಗೊತ್ತಿದ್ದೂ ಹಾಕ್ಸಿದ್ಯಾ?"

ಅವನು ಬದುವಿನಿಂದ ಎದ್ದ. ಕ್ಯಾಮೆರಾ ಎತ್ತಿ, ಹಳದಿ ಮಡಿಯಲ್ಲಿ ನಿಂತ ಜುಂಜಮ್ಮನ ಫೋಟೋ ತೆಗೆದ. ಅದನ್ನು ನಿಜವಾಗಿಯೂ ಕಳಿಸುತ್ತಾನೆ ಅಂತ ಅವಳಿಗೆ ನಂಬಿಕೆ ಬರಲಿಲ್ಲ.

ಕಳಿಸಿದ್ದ. ಹದಿನೈದು ದಿನಕ್ಕೆ ಕಂಪನಿಯ ಇಬ್ಬರು ಜೀಪಿನಲ್ಲಿ ಬಂದರು. ಜುಂಜಮ್ಮ ಅವರನ್ನು ಬದುವಿನಾಚೆಯೇ ನಿಲ್ಲಿಸಿ, ಶಬನಾ ಕನ್ನಡದಲ್ಲಿ ಟೈಪ್ ಮಾಡಿಕೊಟ್ಟಿದ್ದ ಹೊಸ ಕಾಗದ ಮುಂದಿಟ್ಟಳು. ಒಂದು ವರ್ಷಕ್ಕಷ್ಟೇ ಕರಾರು, ಕೇಳದೆ ಹೊಲಕ್ಕೆ ಕಾಲಿಡುವಂತಿಲ್ಲ. ಅವರು ಓದಿ, ಒಂದು ವರ್ಷದ ಲೆಕ್ಕವನ್ನು ಹೊರದೇಶದವರು ಕೊಳ್ಳುವುದಿಲ್ಲ ಎಂದು ಹೇಳಿ, ಹಳೇ ಕಾಗದವನ್ನು ರದ್ದು ಮಾಡಿ ಡ್ರಮ್ಮು ಹೇರಿಕೊಂಡು ಹೋದರು. ಬರುವ ದುಡ್ಡು ಹೋಯಿತೆಂದು ಕಾಟಲಿಂಗಪ್ಪ ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ.

ಜುಂಜಮ್ಮ ಮಾತ್ರ ಉಳಿದಿದ್ದ ಇದ್ದಲನ್ನು ತಿಪ್ಪೆಯ ಪಕ್ಕ ಗುಂಡಿಗೆ ಸುರಿದು, ದಿನಾ ಕೊಟ್ಟಿಗೆಯ ಗಂಜಲ ಹುಯ್ದಳು. ಹಿಂಗಾರಿಗೆ ಅದನ್ನು ಒಂದೇ ಮಡಿಗೆ ಹಾಕಿ ನೋಡಿದಳು. ಈ ಸಲ ಪೈರು ಹಳದಿಯಾಗಲಿಲ್ಲ. ನೀರು ಹಾಯಿಸುವುದು ಎರಡು ದಿನ ತಡವಾದರೂ ಆ ಮಡಿ ಬಾಡಲಿಲ್ಲ, ಗಡ್ಡೆಯೂ ದಪ್ಪ ಬಂತು. ಐಮಂಗಲದ ವೆಲ್ಡಿಂಗ್ ಅಂಗಡಿಯಲ್ಲಿ ತಾನೇ ಒಂದು ಡ್ರಮ್ಮು ಮಾಡಿಸಿಕೊಂಡಳು.

ಮರುವರ್ಷ ಜವನಗೊಂಡನಹಳ್ಳಿಯ ನರ್ಸರಿಯ ಪರಮೇಶ್ವರಪ್ಪ ಮನೆ ಬಾಗಿಲಿಗೇ ಬಂದ. ಸಸಿ ಬೆಳೆಸುವ ಮಣ್ಣಿಗೆ ನೆನೆಸಿದ ಇದ್ದಲು ಬೇಕು, ಎಷ್ಟಿದ್ದರೂ ತಗೊಳ್ಳುತ್ತೇನೆ ಅಂದ. ಕಾಟಲಿಂಗಪ್ಪ ಆಗಲೇ ಚೀಲ ಹುಡುಕಲು ಎದ್ದಿದ್ದ.

"ಕುಂತ್ಕ" ಎಂದು ಗಂಡನಿಗೆ ಹೇಳಿ ಜುಂಜಮ್ಮ ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ, ಮೊದ್ಲು ನಿಮ್ಮ ಸಸಿ ನೋಡಾಣ. ಇದನ್ನ ಯಾತಕ್ಕೆ ಹಾಕ್ತೀರಿ ಅಂತ ನನ್ನ ಕಣ್ಣಾರೆ ಕಾಣಬೇಕು."