ಕೋಣಪ್ಪನ ಬೀಳ್ಕೊಡುಗೆ ಓಟ

ಸಮುದ್ರಕ್ಕಿಂತ ತಗ್ಗಿನಲ್ಲಿ ಒಂದು ರಾಜ್ಯವಿತ್ತು. ಹೆಸರಿಗೂ ಒಂದು ಗುಡ್ಡವಿಲ್ಲ. ಹಾಗಾಗಿ ಗಾಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಅಲ್ಲಿ ಪ್ರಾಣಿಗಳೆಲ್ಲ ಸೈಕಲ್ ತುಳಿಯುತ್ತಿದ್ದವು. ಪ್ರತಿ ರೇಸನ್ನೂ ಗೆಲ್ಲುತ್ತಿದ್ದವನು ನವಿಲುರಾಯ.

ಗೆಲ್ಲಿಸುತ್ತಿದ್ದವನು ಕೋಣಪ್ಪ. ಹದಿನಾಲ್ಕು ವರ್ಷ ಅವನು ಮುಂದೆ ಹೋಗುತ್ತಾ ಗಾಳಿಯನ್ನೆಲ್ಲ ಎದೆಗೆ ತಗೊಂಡ. ನವಿಲುರಾಯ ಅವನ ಬೆನ್ನ ಹಿಂದೆ, ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತವನ ಹಾಗೆ, ಒಂದು ಗರಿ ಕೆಡದಂತೆ ಬಂದ. ಗೆಲುವಿನ ಗೆರೆಗೆ ಹತ್ತು ಮಾರು ಇರುವಾಗ ಕೋಣಪ್ಪ ಪಕ್ಕಕ್ಕೆ ಸರಿಯಬೇಕು, ನವಿಲುರಾಯ ಕಣ್ಮುಚ್ಚಿ ನುಗ್ಗಬೇಕು. ಇದರಿಂದ ಕೋಣಪ್ಪನಿಗೆ ಬೇಜಾರೇನೂ ಇರಲಿಲ್ಲ. ಬೆಳಗಾದರೆ ತುಳಿಯಲು ಸಿಗಬೇಕು, ಮೂಗಿಗೆ ಗಾಳಿ ಬಡಿಯಬೇಕು, ಅಷ್ಟೇ ಅವನ ಸ್ವರ್ಗ.

ಒಂದು ದಿನ ನವಿಲುರಾಯ ಬಂದು, "ಕೋಣಣ್ಣ, ನಿನಗೆ ವಯಸ್ಸಾಯ್ತು. ನಿನ್ನ ಬೆನ್ನು ನೋಡಿ ನೋಡಿ ನನಗೂ ಸಾಕಾಯ್ತು. ಭಾನುವಾರ ನಿನ್ನ ಬೀಳ್ಕೊಡುಗೆ ಓಟ" ಎಂದ.

"ನನಗೆ ಬೇಡ ಮಾರಾಯ."

"ಹೆದರಬೇಡ, ಗೆಲ್ಲೋದು ನೀನೇ. ಎಲ್ಲರಿಗೂ ಹೇಳಿಟ್ಟಿದ್ದೀನಿ."

ಕೋಣಪ್ಪನಿಗೆ ಹೆದರಿಕೆ ಇದ್ದದ್ದೇ ಅದಕ್ಕೆ. ಬೀಳ್ಕೊಡುಗೆ ಓಟ ಗೆದ್ದವನಿಗೆ ಶಾಲು ಹೊದಿಸಿ, ಅವನ ಸೈಕಲ್ಲನ್ನು ಅರಮನೆಯ ಗೋಡೆಗೆ ನೇತುಹಾಕುವುದು ಆ ರಾಜ್ಯದ ಕಾನೂನು. ಆಮೇಲೆ ಅವನು ಸತ್ತರೂ ತುಳಿಯುವಂತಿಲ್ಲ.

ಭಾನುವಾರ ಗಾಳಿಗೆ ಹುಚ್ಚು ಹಿಡಿದಿತ್ತು. ಉಳಿದವರೆಲ್ಲ ಬೇಕಂತಲೇ ಹಿಂದುಳಿದರು. ಒಬ್ಬ ಚೈನು ಕಳಚಿತು ಎಂದ, ಇನ್ನೊಬ್ಬ ಕಾಲು ಜೋಮು ಹಿಡಿಯಿತು ಎಂದ. ಕೋಣಪ್ಪ ನಿಧಾನ ಮಾಡಿದರೆ ಅವರೂ ನಿಧಾನ. ಅವನು ಇಳಿದು ಬೇಲಿಯ ಹತ್ತಿರ ಮೂತ್ರಕ್ಕೆ ನಿಂತರೆ ಅವರೂ ಸಾಲಾಗಿ ನಿಂತರು. ಸೋಲುವುದು ಇಷ್ಟು ಕಷ್ಟ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಸರಿ, ಹೇಗೂ ಕೊನೆಯ ಓಟ ಎಂದು ಕೋಣಪ್ಪ ತಲೆ ತಗ್ಗಿಸಿ ಮನಸಾರೆ ತುಳಿದ. ನವಿಲುರಾಯ ಅವನ ಬೆನ್ನಿಗೆ ಅಂಟಿಕೊಂಡ. ಅಷ್ಟು ಗಾಳಿಯಲ್ಲಿ ಅವನಿಗೆ ಬೇರೆ ಜಾಗ ಗೊತ್ತಿರಲಿಲ್ಲ. ಇನ್ನು ಹತ್ತೇ ಮಾರು. ಕೋಣಪ್ಪ ಪಕ್ಕಕ್ಕೆ ಸರಿದ.

ನವಿಲುರಾಯ ಕಣ್ಮುಚ್ಚಿ ನುಗ್ಗಿದ. ಗೆರೆ ದಾಟಿ, ಗರಿ ಬಿಚ್ಚಿ, ಎರಡು ಸುತ್ತು ಕುಣಿದ ಮೇಲೆ ಕಣ್ಣು ಬಿಟ್ಟ. ಎದುರಿಗೆ ಕಪ್ಪೆರಾಜ ಶಾಲು ಹಿಡಿದು ನಿಂತಿದ್ದ.

"ಮಹಾಸ್ವಾಮಿ, ನಾನಲ್ಲ! ಅವನು, ಆ ಕೋಣ! ನನಗೆ ಇದು ಬೇಡ!"

ಕಪ್ಪೆರಾಜನ ಕಣ್ಣು ತುಂಬಿ ಬಂತು. "ನೋಡ್ರಪ್ಪಾ, ಎಂಥ ವಿನಯ! ಗೆದ್ದೂ ಬೇಡ ಅಂತಾನೆ. ಇವನಿಗೆ ಇನ್ನೊಂದು ಶಾಲು ತನ್ನಿ. ಇವನ ಸೈಕಲ್ಲಿಗೆ ಮೊಳೆ ಸ್ವಲ್ಪ ಮೇಲೇ ಹೊಡೀರಿ."

ಓಡಿಹೋಗಿ ಸುತ್ತಿಗೆ ತಂದುಕೊಟ್ಟವನು ಕೋಣಪ್ಪ.