ಒಂದೂವರೆ ತಾಸು

ಶಿವಗಂಗಾ ಅಣ್ಣನ ವಾಲಿದ ತಲೆಯನ್ನು ಮೂರನೇ ಸಲ ನೆಟ್ಟಗೆ ಮಾಡಿ ಗೋಡೆಗೆ ಆನಿಸಿದಳು. ಹೆಣವನ್ನು ಕೂರಿಸಿಯೇ ಹೂಳುವುದು ಅವರ ಪದ್ಧತಿ. ನಿನ್ನೆ ಸಂಜೆವರೆಗೂ ನ್ಯಾಲ್ಕಲ್‌ನಿಂದ ಜಹೀರಾಬಾದಿಗೆ ಜೀಪು ಓಡಿಸಿದ ಸಂಗು ಈಗ ಹಣೆತುಂಬ ವಿಭೂತಿ ಬಳಿಸಿಕೊಂಡು ಕೂತಿದ್ದ. ಎದೆನೋವು ಎಂದವನು, ತಂಗಿ ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

"ಪ್ರೇಮಲಾ ಎಷ್ಟೊತ್ತಿಗಿ ಮುಟ್ತಾಳವ್ವಾ?" ಕ್ರಿಯೆ ಮಾಡಿಸಲು ಬಂದಿದ್ದ ಹಣಮಯ್ಯಸ್ವಾಮಿ ಕೇಳಿದರು. "ಹೊತ್ತು ಮುಳುಗೋದ್ರಾಗ ಮಣ್ಣಾಗಬೇಕು ನೋಡು."

ಸಂಗುವಿನ ಹೆಂಡತಿ ಪ್ರೇಮಲಾ ಆರು ವರ್ಷದಿಂದ ಮಸ್ಕತ್ತಿನಲ್ಲಿ ಒಬ್ಬ ಮುದುಕಿಯ ಆರೈಕೆಗಿದ್ದಳು. ಬೆಳಿಗ್ಗೆ ವಿಮಾನ ಹತ್ತುವ ಮೊದಲು ಟಿಕೆಟ್ಟಿನ ಫೋಟೊ ಕಳಿಸಿ, "ಮುಖ ಮುಚ್ಚಬ್ಯಾಡ್ರಿ, ನಾ ಬಂದೆ" ಎಂದು ಅತ್ತಿದ್ದಳು. ಆಮೇಲೆ ಅವಳ ಮಸ್ಕತ್ತಿನ ನಂಬರು ಹತ್ತಲೇ ಇಲ್ಲ. ಹೈದರಾಬಾದಿಗೆ ಎರಡೂ ಹತ್ತಕ್ಕೆ ಇಳಿಯುವುದೆಂದು ಟಿಕೆಟ್ಟಿನಲ್ಲಿತ್ತು.

ಶಿವಗಂಗಾ ಬೆರಳು ಮಡಿಚಿದಳು. "ಅದು ಮಸ್ಕತ್ತಿನ ಟೈಮ್ ರೀ. ಒಂದೂವರೆ ತಾಸು ಕೂಡಿಸಬೇಕು. ಮೂರೂ ನಲವತ್ತು. ಅಲ್ಲಿಂದ ಕಾರಿನ್ಯಾಗ ಮೂರು ತಾಸು."

"ಆರೂ ನಲವತ್ತಾತು!" ಕಾಕಾ ವೈಜಿನಾಥ ತಲೆ ಹಿಡಿದುಕೊಂಡ. "ಕತ್ತಲಾಗಿ ಹೋಗಿರ್ತದ. ಖರೆ ಲೆಕ್ಕ ಏನವ್ವಾ ಇದು?"

"ಅಣ್ಣನೇ ಕಲಿಸ್ಯಾನ್ರೀ."

*

ಜೀಪಿನಲ್ಲಿ ಸಂಗು ಅಂಟಿಸಿದ್ದ ಪುಟ್ಟ ಗಡಿಯಾರ ಯಾವಾಗಲೂ ಒಂದೂವರೆ ತಾಸು ಹಿಂದೆ. ಹತ್ತಿದವರೆಲ್ಲ ಛೇಡಿಸುವವರೇ.

"ಏನೋ ಸಂಗ್ಯಾ, ಗಡಿಯಾರಕ್ಕ ನಿದ್ದಿ ಹತ್ಯಾದೇನು?"

"ಅದು ಮಸ್ಕತ್ತಿಂದು ರೀ. ಆಕಿ ಈಗ ಚಾ ಕುಡ್ಯಾಕತ್ತಾಳ."

ಪ್ರೇಮಲಾ ಫೋನು ಮಾಡುವ ಹೊತ್ತು ಹೇಳಿದಾಗಲೆಲ್ಲ, "ಒಂದೂವರೆ ಕೂಡಿಸು ಗಂಗಾ, ನಮ್ದಾಗ್ತದ" ಅನ್ನುತ್ತಿದ್ದ. ಮಸ್ಕತ್ ಎಷ್ಟು ದೂರ ಎಂದು ಶಿವಗಂಗಾ ಒಮ್ಮೆ ಕೇಳಿದ್ದಳು.

"ವಿಮಾನದಾಗ ಮೂರು ತಾಸಿನ ಮ್ಯಾಲ ಚೂರು. ನಮ್ಮ ಜೀಪು ಹೈದರಾಬಾದ್ ಮುಟ್ಟಿದಷ್ಟು. ದೂರ ಏನ್ ಬಂತು ಹುಚ್ಚಿ!" ಎಂದು ನಕ್ಕವನು ಆಮೇಲೆ ಗಡಿಯಾರದ ಧೂಳು ಒರೆಸಿದ್ದ.

*

ಹೊಲದ ಗುಣಿಯೊಳಗೆ, ಪಕ್ಕಕ್ಕೆ ಕೊರೆದ ಗೂಡಿನಲ್ಲಿ ಅವನನ್ನು ಕೂರಿಸಿದಾಗ ನಾಲ್ಕೂ ಮುಕ್ಕಾಲು. ಎಲ್ಲರೂ ಬಿಲ್ವಪತ್ರೆ ಹಾಕಿದರು. ಶಿವಗಂಗಾಳ ಕೈ ಮಾತ್ರ ಮೇಲೇಳಲಿಲ್ಲ.

"ಕಾಕಾ, ಇನ್ನೊಂಚೂರು ತಡೀರಿ."

"ಲೆಕ್ಕ ನೀನೇ ಹೇಳೀದ್ಯಲ್ಲವ್ವಾ."

ಮಣ್ಣು ಬಿತ್ತು.

ಐದೂ ಹತ್ತಕ್ಕೆ ತೊಗರಿ ಹೊಲದ ಬದುವಿಗೆ ಕಾರು ಬಂದು ನಿಂತಿತು. ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದ ಪ್ರೇಮಲಾ ಮಣ್ಣಿನ ದಿಬ್ಬ ನೋಡಿ ನಿಂತುಬಿಟ್ಟಳು.

"ಎರಡೂ ಹತ್ತಕ್ಕ ಇಳೀತೀನಂತ ಗೊತ್ತಿತ್ತಲ್ಲ, ಗಂಗಾ?"

"ಅದು ಅಲ್ಲಿ ಟೈಮ್ ಅಂತ... ಒಂದೂವರೆ ಕೂಡಿಸ್ದೆ, ವೈನಿ."

"ಯಾವ ಊರಾಗ ಇಳೀತೀವೋ ಆ ಊರಿನ ಟೈಮೇ ಬರ್ದಿರ್ತಾರವ್ವಾ."

ಅಯ್ಯೋ ಶಿವನೇ! ಅಣ್ಣನ ಮುಖ ಮುಚ್ಚಿಸಿದವಳು ತಾನೇ. ಶಿವಗಂಗಾ ಎದೆ ಎದೆ ಬಡಿದುಕೊಂಡಳು. ಪ್ರೇಮಲಾ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳ ಕೈ ಹಿಡಿದು ತಡೆದು ಮೆಲ್ಲಗೆ ಕೇಳಿದಳು:

"ಅವರ ಮುಖ ಯಾವ ಕಡಿ ಮಾಡ್ಯಾರ?"

ಶಿವಗಂಗಾ ಮೂಡಣಕ್ಕೆ ಕೈ ತೋರಿಸಿದಳು. ಪ್ರೇಮಲಾ ದಿಬ್ಬ ಸುತ್ತಿ ಆ ಕಡೆ ಹೋಗಿ, ಗಂಡನಿಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕೂತು ಸೆರಗು ಸರಿಮಾಡಿಕೊಂಡಳು. ಪಡುವಣದಲ್ಲಿ ಹೊತ್ತು ಇನ್ನೂ ತೊಗರಿ ಗಿಡಗಳ ಮೇಲೇ ಇತ್ತು. ಬಿಸಿಲು ನೇರವಾಗಿ ಅವಳ ಮುಖಕ್ಕೆ ಬೀಳುತ್ತಿತ್ತು.